ಆರು ಚಕ್ರ, ಹದಿನಾರು ಸಿಲಿಂಡರು, ಒಂದು ಫ್ಯಾನು: ಹಳೇ ಫಾರ್ಮುಲಾ ಒನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮುಲಾ ಒನ್ ನೋಡುವ ಗೆಳೆಯರು ಮಾತಿಗೆ ಕೂತಾಗ, ಪತ್ರ ಬರೆದಾಗ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ರೇಸ್ ನೋಡಲು ಹೊಸದಾಗಿ ಶುರುಮಾಡಿದವರಿಗೆ ಮೊದಲ ಭಾಗ. ನಿಯಮಗಳ ಬಗ್ಗೆ ವಾದ ಮಾಡಲು ಬಂದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಈಗಲೂ ತಂಡಕ್ಕೊಂದು ಕಾರು ಇದೆಯಲ್ಲ, ಹಳೇದರಲ್ಲಿ ಅಂಥದ್ದೇನಿತ್ತು?

1977ರ ಜುಲೈ ತಿಂಗಳ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ರೇಸನ್ನು ನೋಡಿ. ಮೆಕ್‌ಲಾರೆನ್ ಕಾರಿನ ಹಿಂದೆ ಕಾಸ್‌ವರ್ತ್ ಕಂಪನಿಯ ವಿ8, ಅಂದರೆ ಎಂಟು ಸಿಲಿಂಡರುಗಳು ವಿ ಆಕಾರದಲ್ಲಿ ಎರಡು ಸಾಲಾಗಿ ನಿಂತ ಇಂಜಿನ್. ಫೆರಾರಿಯಲ್ಲಿ ಸಿಲಿಂಡರುಗಳು ಎರಡೂ ಬದಿಗೆ ಮಲಗಿದ ಫ್ಲಾಟ್ 12. ಬ್ರಬಾಮ್‌ನಲ್ಲೂ ಫ್ಲಾಟ್ 12, ಆದರೆ ಅದು ಆಲ್ಫಾ ರೋಮಿಯೊದ್ದು. ಲಿಜಿಯೆಯಲ್ಲಿ ಫ್ರಾನ್ಸಿನ ಮಾತ್ರಾ (Matra) ಕಂಪನಿಯ ವಿ12. ಟಿರೆಲ್ ಕಾರಿಗೆ ಆರು ಚಕ್ರ. ಲೋಟಸ್ 78ರ ಹೊಟ್ಟೆಯ ಕೆಳಗೆ ಗಾಳಿಯನ್ನು ಹೀರಿ ಕಾರನ್ನು ನೆಲಕ್ಕೆ ಒತ್ತುವ ಸುರಂಗಗಳು. ಇವೆಲ್ಲದರ ನಡುವೆ ಮೊಟ್ಟಮೊದಲ ಬಾರಿಗೆ ಟ್ರ್ಯಾಕಿಗಿಳಿದ ಹಳದಿ ರೆನೋ, ಒಳಕ್ಕೆ ಗಾಳಿ ತುರುಕುವ ಒಂದೂವರೆ ಲೀಟರಿನ ಪುಟ್ಟ ಟರ್ಬೊ ಇಂಜಿನ್ ಹೊತ್ತು. ಗೆದ್ದದ್ದು ಜೇಮ್ಸ್ ಹಂಟ್, ಮೆಕ್‌ಲಾರೆನ್‌ನಲ್ಲಿ. ರೆನೋ ಟರ್ಬೊ ಕೈಕೊಟ್ಟು ಅರ್ಧಕ್ಕೇ ನಿಂತಿತು.

ವೇಗವಾಗಿ ಓಡುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಇಷ್ಟು ಉತ್ತರಗಳು ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತಿದ್ದವು. ಯಾವುದು ಸರಿ ಅಂತ ಅಲ್ಲಿದ್ದ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ, ಕಾರು ಕಟ್ಟಿದವರಿಗೂ ಸಹ. ನಾನು ಹಂಬಲಿಸುವುದು ಆ ಸ್ಥಿತಿಗೆ. ಇವತ್ತು ಸಾಲಿನಲ್ಲಿ ನಿಲ್ಲುವ ಪ್ರತಿಯೊಂದು ಕಾರಿನಲ್ಲೂ 1.6 ಲೀಟರಿನ ವಿ6 ಟರ್ಬೊ ಹೈಬ್ರಿಡ್ ಇಂಜಿನ್ ಇದೆ. ಸಿಲಿಂಡರುಗಳ ನಡುವಿನ ಕೋನ ಎಷ್ಟಿರಬೇಕೆಂಬುದೂ ನಿಯಮದಲ್ಲೇ ಬರೆದಿದೆ: 90 ಡಿಗ್ರಿ.

ನೀವು "ಆ ಕಾಲ" ಅನ್ನೋದು ಯಾವ ಇಸವಿಯಿಂದ ಯಾವ ಇಸವಿವರೆಗೆ?

ನನ್ನ ಲೆಕ್ಕದಲ್ಲಿ 1966ರಿಂದ 1993. 1966ರಲ್ಲಿ ಇಂಜಿನ್ ಗಾತ್ರದ ಮಿತಿ 3 ಲೀಟರಿಗೆ ಏರಿತು, ಪ್ರಯೋಗಗಳ ಬಾಗಿಲು ತೆರೆಯಿತು. 1993ರ ಕೊನೆಯಲ್ಲಿ ಎಲೆಕ್ಟ್ರಾನಿಕ್ ಆವಿಷ್ಕಾರಗಳನ್ನು ಒಟ್ಟಾಗಿ ನಿಷೇಧಿಸಿದರು. ಇಂಜಿನ್ ಸದ್ದಿನ ಆಸೆಗೆ ಬಂದವರು ಇನ್ನೆರಡು ವರ್ಷ ಸೇರಿಸಿಕೊಳ್ಳಬಹುದು: 1995ರಲ್ಲಿ ಮಾಂಟ್ರಿಯಲ್‌ನಲ್ಲಿ ಜಾನ್ ಅಲೇಸಿ ಫೆರಾರಿಯಲ್ಲಿ ಗೆದ್ದದ್ದು ವಿ12 ಇಂಜಿನ್ನಿನ ಕೊನೆಯ ಫಾರ್ಮುಲಾ ಒನ್ ಗೆಲುವು.

ವಿ8, ವಿ10, ವಿ12 ಅಂತ ಬಡ್ಕೋತೀರಲ್ಲ, ಸಿಲಿಂಡರ್ ಎಷ್ಟಿದ್ರೆ ಏನು?

ಒಟ್ಟು ಲೀಟರ್ ಅಷ್ಟೇ ಇರಬೇಕೆಂದಾಗ ಸಿಲಿಂಡರು ಹೆಚ್ಚಿದಷ್ಟೂ ಒಂದೊಂದು ಪಿಸ್ಟನ್ನೂ ಸಣ್ಣದು, ಹಗುರ. ಹಗುರವಾದದ್ದು ಹೆಚ್ಚು ಜೋರಾಗಿ ತಿರುಗಬಲ್ಲದು, ಹಾಗಾಗಿ ಶಕ್ತಿ ಹೆಚ್ಚು. ಆದರೆ ಇಂಜಿನ್ ಉದ್ದವಾಗುತ್ತದೆ, ತೂಕ ಏರುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ತಣ್ಣಗಿಡಲು ದೊಡ್ಡ ರೇಡಿಯೇಟರ್ ಬೇಕಾಗುತ್ತದೆ. ವಿ8 ಗಿಡ್ಡ, ಹಗುರ, ಮಿತಾಹಾರಿ. ನೇರ ರಸ್ತೆಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ವಿ10 ಇವೆರಡರ ನಡುವೆ.

ಕಾಗದದ ಮೇಲೆ ಇತ್ಯರ್ಥವಾಗುವ ಲೆಕ್ಕವಲ್ಲ ಇದು. 1989 ಮತ್ತು 1990ರ ಚಾಂಪಿಯನ್‌ಗಳು ಓಡಿಸಿದ್ದು ಹೋಂಡಾ ವಿ10. 1991ರಲ್ಲಿ ಸೆನ್ನಾ ಗೆದ್ದದ್ದು ಹೋಂಡಾ ವಿ12ರಲ್ಲಿ. 1992, 1993 ರೆನೋ ವಿ10ರ ಪಾಲು. 1994ರಲ್ಲಿ ಶುಮಾಕರ್ ಚಾಂಪಿಯನ್ ಆದದ್ದು ಫೋರ್ಡ್ ವಿ8ರಲ್ಲಿ. ಆರು ವರ್ಷದಲ್ಲಿ ಮೂರೂ ಉತ್ತರ ಸರಿಯಾದವು. ಕಿವಿಗೂ ಆಗ ಕೆಲಸವಿತ್ತು: ಕಾರು ತಿರುವಿನಾಚೆ ಇರುವಾಗಲೇ ಬರುತ್ತಿರುವುದು ಫೆರಾರಿಯೋ ವಿಲಿಯಮ್ಸೋ ಅಂತ ಸದ್ದಿನಿಂದಲೇ ಹೇಳಬಹುದಿತ್ತು.

ಭಾರತದಲ್ಲಿ ಕೂತ ನಮಗೆ ಆ ಕಾಲ ಎಲ್ಲಿ ಸಿಕ್ಕಿತ್ತು?

ಬಹುಪಾಲು ಸಿಗಲಿಲ್ಲ. ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಮೂರು ರೇಸ್ ನಡೆದಾಗ ಎಲ್ಲ ಕಾರುಗಳಲ್ಲೂ ಒಂದೇ ಮಾದರಿಯ 2.4 ಲೀಟರಿನ ವಿ8 ಇತ್ತು. ಬೆಂಗಳೂರಿನಿಂದ ಅಷ್ಟು ದೂರ ಹೋದವರು ಕೇಳಿಸಿಕೊಂಡದ್ದು ಅದ್ಭುತ ಸದ್ದು, ಆದರೆ ಒಂದೇ ಸದ್ದು. ಮೂರೂ ಸಲ ಗೆದ್ದದ್ದು ಸೆಬಾಸ್ಟಿಯನ್ ವೆಟ್ಟೆಲ್. ಅದಕ್ಕೂ ಹಿಂದೆ ಚೆನ್ನೈ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್ ರೇಸುಗಳಲ್ಲಿ ಬಗೆಬಗೆಯ ಕಾರುಗಳು ಓಡುತ್ತಿದ್ದವು. 1980ರ ದಶಕದಲ್ಲಿ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಎಂಬ ಹಳೇ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ದರು.

## ವಿಚಿತ್ರ ಕಾರುಗಳು

ಆರು ಚಕ್ರದ ಕಾರು ನಿಜವಾಗ್ಲೂ ರೇಸ್ ಗೆದ್ದಿತ್ತಾ, ಇಲ್ಲಾ ಬರೀ ಫೋಟೋಗಾ?

ಗೆದ್ದಿತ್ತು, ಮೊದಲೆರಡೂ ಸ್ಥಾನ ಬಾಚಿಕೊಂಡು. 1976ರ ಜೂನ್ 13, ಸ್ವೀಡನ್ನಿನ ಆಂಡರ್‌ಸ್ಟಾರ್ಪ್. ಟಿರೆಲ್ ಪಿ34ರಲ್ಲಿ ಜೋಡಿ ಶೆಕ್ಟರ್ ಮೊದಲು, ಪ್ಯಾಟ್ರಿಕ್ ಡಿಪೈಯೆ ಎರಡನೆಯವರು.

ಡಿಸೈನರ್ ಡೆರೆಕ್ ಗಾರ್ಡ್ನರ್ ಅವರ ಯೋಚನೆ ಹೀಗಿತ್ತು. ಆಗ ಬಹುತೇಕ ತಂಡಗಳ ಹತ್ತಿರ ಒಂದೇ ಇಂಜಿನ್, ಒಂದೇ ಟಯರು. ಮುಂದಿನ ದಪ್ಪ ಟಯರುಗಳು ಗಾಳಿಗೆ ಎದೆಕೊಟ್ಟು ನಿಲ್ಲುತ್ತವೆ. ಅವುಗಳ ಬದಲು 10 ಇಂಚಿನ ಪುಟ್ಟ ಚಕ್ರಗಳನ್ನು ಹಾಕಿ ಕಾರಿನ ಅಗಲ ಮೂತಿಯ ಹಿಂದೆ ಬಚ್ಚಿಟ್ಟರೆ ಗಾಳಿಯ ಅಡ್ಡಿ ತಗ್ಗುತ್ತದೆ. ಪುಟ್ಟ ಚಕ್ರಕ್ಕೆ ಹಿಡಿತ ಕಮ್ಮಿ, ಅದಕ್ಕೇ ಎರಡರ ಜಾಗದಲ್ಲಿ ನಾಲ್ಕು. ನಾಲ್ಕು ಚಕ್ರ ಅಂದರೆ ನಾಲ್ಕು ಡಿಸ್ಕ್ ಬ್ರೇಕ್, ಅದೂ ಲಾಭವೇ.

ಈ ಕಾರಿನ ಚಿತ್ರ ಸಿಕ್ಕಾಗ ಒಂದು ವಿವರವನ್ನು ಹುಡುಕಿ ನೋಡಿ. ಡ್ರೈವರ್ ಕೂರುವ ಜಾಗದ ಪಕ್ಕದ ಗೋಡೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಪುಟ್ಟ ಕಿಟಕಿ ಇದೆ. ಮುಂದಿನ ಚಕ್ರಗಳು ಎಷ್ಟು ಗಿಡ್ಡವೆಂದರೆ ಸೀಟಿನಲ್ಲಿ ಕೂತವನಿಗೆ ಅವು ಕಾಣುತ್ತಲೇ ಇರಲಿಲ್ಲ. ತನ್ನ ಟಯರು ಎಲ್ಲಿದೆ, ಹೇಗಿದೆ ಅಂತ ಆತ ಇಣುಕಿ ನೋಡಲೆಂದೇ ಕೊರೆದ ಕಿಟಕಿ ಅದು. ಹೊಸ ಯೋಚನೆಯೊಂದು ಹುಟ್ಟಿಸಿದ ಹೊಸ ತೊಂದರೆ, ಅದಕ್ಕೆ ಕೈಯಾರೆ ಮಾಡಿದ ಪರಿಹಾರ, ಎರಡೂ ಅಂಗೈ ಅಗಲದಲ್ಲಿ ಕಾಣುತ್ತವೆ.

ಕಾರು ಸೋತದ್ದು ಟಯರಿನಿಂದ. ದೊಡ್ಡ ಟಯರುಗಳನ್ನು ಗುಡ್‌ಇಯರ್ ಎಲ್ಲ ತಂಡಗಳಿಗಾಗಿ ಸುಧಾರಿಸುತ್ತಾ ಹೋಯಿತು. ಒಂದೇ ತಂಡ ಬಳಸುವ 10 ಇಂಚಿನ ಟಯರು ಹಿಂದೆ ಉಳಿಯಿತು. 1977ರ ನಂತರ ಪಿ34 ಓಡಲಿಲ್ಲ. ವಿಲಿಯಮ್ಸ್ 1982ರಲ್ಲಿ ಮುಂದೆ ಎರಡು, ಹಿಂದೆ ನಾಲ್ಕು ಚಕ್ರದ ಕಾರನ್ನು ಪರೀಕ್ಷಿಸಿತು, ಆದರೆ ಕಾರಿಗೆ ನಾಲ್ಕೇ ಚಕ್ರವಿರಬೇಕೆಂಬ ನಿಯಮ 1983ಕ್ಕೆ ಬಂದು ಆ ಕಥೆ ಮುಗಿಯಿತು.

ಹಿಂದೆ ದೊಡ್ಡ ಫ್ಯಾನ್ ಇದ್ದ ಬ್ರಬಾಮ್ ಒಂದೇ ರೇಸ್ ಓಡಿದ್ದು ಯಾಕೆ?

1978ರಲ್ಲಿ ಲೋಟಸ್ 79 ಎಲ್ಲರನ್ನೂ ಸೋಲಿಸುತ್ತಿತ್ತು. ಅದರ ಗುಟ್ಟು ಕಾರಿನ ಎರಡು ಪಕ್ಕೆಗಳ ಕೆಳಗಿನ ಗಾಳಿಯ ಸುರಂಗಗಳು. ಬ್ರಬಾಮ್‌ನ ಗಾರ್ಡನ್ ಮರ್ರಿ ಅವರಿಗೆ ಅದೇ ಉಪಾಯ ಮಾಡಲು ಜಾಗವಿರಲಿಲ್ಲ; ಅಗಲವಾದ ಆಲ್ಫಾ ಫ್ಲಾಟ್ 12 ಇಂಜಿನ್ ಸುರಂಗದ ಜಾಗವನ್ನೇ ನುಂಗಿತ್ತು. ಆಗ ಅವರು ಕಾರಿನ ಬಾಲಕ್ಕೆ ಫ್ಯಾನ್ ಕಟ್ಟಿ ಕೆಳಗಿನ ಗಾಳಿಯನ್ನು ಎಳೆದು ಹೊರಹಾಕಿದರು. ಒದ್ದೆ ಕಲ್ಲಿನ ಮೇಲೆ ಬೋರಲು ಹಾಕಿದ ಲೋಟ ಕಚ್ಚಿಕೊಳ್ಳುವ ಹಾಗೆ ಕಾರು ನೆಲ ಕಚ್ಚಿಕೊಂಡಿತು.

ಗಾಳಿಯಿಂದ ಹಿಡಿತ ಪಡೆಯುವ ಭಾಗ ಚಲಿಸಬಾರದೆಂದು ನಿಯಮವಿತ್ತು. ಫ್ಯಾನ್ ಇರುವುದು ಮುಖ್ಯವಾಗಿ ಇಂಜಿನ್ ತಣ್ಣಗಿಡಲು ಎಂದು ತಂಡ ವಾದಿಸಿತು. ರೇಡಿಯೇಟರನ್ನು ಇಂಜಿನ್ ಮೇಲೆ ಅಡ್ಡಲಾಗಿ ಮಲಗಿಸಿ ಆ ಗಾಳಿಯನ್ನೂ ಫ್ಯಾನೇ ಎಳೆಯುವಂತೆ ಮಾಡಿದ್ದರಿಂದ ವಾದಕ್ಕೆ ಆಧಾರವೂ ಇತ್ತು. ಕಾರು ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೂ ಇಡೀ ಕಾರು ಕೆಳಕ್ಕೆ ಕುಸಿಯುವುದು ಎದುರಾಳಿಗಳ ಕಣ್ಣಿಗೆ ಬಿತ್ತು. ಅದೇ ಆಂಡರ್‌ಸ್ಟಾರ್ಪ್‌ನಲ್ಲಿ ಜೂನ್ 17ರಂದು ನಿಕಿ ಲೌಡ ಅರ್ಧ ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಮಿಕ್ಕ ತಂಡಗಳು ಸಿಡಿದೆದ್ದವು. ತಂಡದ ಮಾಲೀಕ ಬರ್ನಿ ಎಕ್ಲ್‌ಸ್ಟನ್ ಆಗ ತಂಡಗಳ ಒಕ್ಕೂಟದ ನಾಯಕರೂ ಹೌದು. ಒಕ್ಕೂಟ ಉಳಿಸಿಕೊಳ್ಳಲು ಕಾರನ್ನು ವಾಪಸು ತೆಗೆದುಕೊಂಡರು. ಗೆಲುವು ಮಾತ್ರ ದಾಖಲೆಯಲ್ಲಿ ಹಾಗೇ ಇದೆ.

ಹೆಲಿಕಾಪ್ಟರ್ ಥರದ ಟರ್ಬೈನ್ ಇಂಜಿನ್ ಹಾಕಿದ್ರಂತೆ, ನಿಜವೇ?

ನಿಜ. 1971ರಲ್ಲಿ ಲೋಟಸ್ 56ಬಿ. ಪ್ರ್ಯಾಟ್ ಅಂಡ್ ವಿಟ್ನಿ ಟರ್ಬೈನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಗೇರ್ ಬದಲಿಸುವ ಕೆಲಸವೇ ಇಲ್ಲ. ತೊಂದರೆ ಇದ್ದದ್ದು ಪಿಕಪ್‌ನಲ್ಲಿ. ಆಕ್ಸಿಲರೇಟರ್ ಒತ್ತಿದ ಮೇಲೆ ಶಕ್ತಿ ಬರಲು ತಡವಾಗುತ್ತಿತ್ತು, ಹಾಗಾಗಿ ಡ್ರೈವರ್ ತಿರುವಿನ ನಡುವೆಯೇ, ಬ್ರೇಕ್ ಮೇಲೆ ಕಾಲಿರುವಾಗಲೇ, ಒತ್ತಬೇಕಿತ್ತು. ಮೊಂಜಾದಲ್ಲಿ ಎಮರ್ಸನ್ ಫಿಟಿಪಾಲ್ಡಿ 8ನೇ ಸ್ಥಾನಕ್ಕೆ ತಂದದ್ದೇ ಅದರ ಅತ್ಯುತ್ತಮ ಫಲಿತಾಂಶ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಟರ್ಬೈನ್ ಗೆಲುವಿಗೆ ತೀರಾ ಹತ್ತಿರ ಬಂದಿತ್ತು. 1967ರಲ್ಲಿ ಪಾರ್ನೆಲಿ ಜೋನ್ಸ್ ಮುಂದಿದ್ದಾಗ, ಇನ್ನು ಮೂರು ಸುತ್ತು ಉಳಿದಿರುವಾಗ ಒಂದು ಬೇರಿಂಗ್ ಮುರಿಯಿತು.

ಫೋರ್ ವೀಲ್ ಡ್ರೈವ್ ರ‍್ಯಾಲಿಯಲ್ಲಿ ಗೆದ್ದಿತು, ಇಲ್ಲಿ ಯಾಕೆ ಗೆಲ್ಲಲಿಲ್ಲ?

ಕಾಲ ಕೂಡಿಬರಲಿಲ್ಲ. 1969ರಲ್ಲಿ ಲೋಟಸ್, ಮಾತ್ರಾ, ಮೆಕ್‌ಲಾರೆನ್ ಮೂರೂ ಇಂಥ ಕಾರು ತಂದವು. ಅಷ್ಟರಲ್ಲಿ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಗಳು ಬಂದು ಹಿಂದಿನ ಚಕ್ರದ ಹಿಡಿತದ ಚಿಂತೆ ತೀರಿತ್ತು. ಹೆಚ್ಚುವರಿ ತೂಕ, ಭಾರವಾದ ಸ್ಟಿಯರಿಂಗ್ ಮಾತ್ರ ಉಳಿಯಿತು. ಮಾತ್ರಾ ಕೆನಡಾದಲ್ಲಿ ಆರನೆಯದಾಗಿ ಬಂದು ಗಳಿಸಿದ ಒಂದು ಅಂಕವೇ ಈ ಪ್ರಯೋಗದ ಫಲ.

ಟರ್ಬೊ ಕಾಲದ 1,300 ಹಾರ್ಸ್‌ಪವರ್ ಕಥೆ ಎಷ್ಟು ನಂಬಬಹುದು?

ಅಂದಾಜು ಅಂತ ನಂಬಬಹುದು. 1986ರಲ್ಲಿ ಅರ್ಹತಾ ಸುತ್ತಿಗೆಂದು ಬಿಎಂಡಬ್ಲ್ಯು ಒತ್ತಡ ಏರಿಸಿದ ಇಂಜಿನ್ನಿನ ಪೂರ್ಣ ಶಕ್ತಿಯನ್ನು ಅಳೆಯಲು ಅವರ ಅಳತೆ ಯಂತ್ರಕ್ಕೇ ಆಗುತ್ತಿರಲಿಲ್ಲ. ಅಂಥ ಇಂಜಿನ್ ಕೆಲವೇ ಸುತ್ತು ಬಾಳುತ್ತಿತ್ತು. ರೇಸಿಗೆ ಒತ್ತಡ ಇಳಿಸುತ್ತಿದ್ದರು.

ನನಗೆ ಈ ಅಂಕಿಗಿಂತ ದೊಡ್ಡದಾಗಿ ಕಾಣುವುದು ಟರ್ಬೊ ಬಂದ ದಾರಿ. 3 ಲೀಟರಿನ ಸಾಮಾನ್ಯ ಇಂಜಿನ್ ಬದಲು 1.5 ಲೀಟರಿನ, ಗಾಳಿ ತುರುಕುವ ಇಂಜಿನ್ ಹಾಕಬಹುದೆಂದು 1966ರ ನಿಯಮದಲ್ಲೇ ಇತ್ತು. ಹನ್ನೊಂದು ವರ್ಷ ಆ ಸಾಲಿನ ಗೊಡವೆಗೆ ಯಾರೂ ಹೋಗಲಿಲ್ಲ. ಮೊದಲು ಕೈಹಾಕಿದ ರೆನೋ ಎರಡು ವರ್ಷ ಹೊಗೆ ಉಗುಳುತ್ತಾ ನಿಂತು, 1979ರಲ್ಲಿ ತವರಿನ ದಿಜಾನ್‌ನಲ್ಲಿ ಗೆದ್ದಿತು. 1983ರಲ್ಲಿ ಮೊದಲ ಟರ್ಬೊ ಚಾಂಪಿಯನ್ ಆದ ನೆಲ್ಸನ್ ಪಿಕೆ ಅವರ ಬಿಎಂಡಬ್ಲ್ಯು ಇಂಜಿನ್ನಿನ ಬ್ಲಾಕ್, ಜನ ದಿನಾ ಓಡಿಸುವ ಕಾರಿನ ನಾಲ್ಕು ಸಿಲಿಂಡರ್ ಬ್ಲಾಕಿನ ವಂಶದ್ದು. ನಿಯಮದಲ್ಲಿ ಬಿಟ್ಟ ಒಂದು ಸಾಲಿನ ಜಾಗದಿಂದ ಇಷ್ಟೆಲ್ಲ ಹುಟ್ಟಿತು.

## ವಿರೋಧದ ಪ್ರಶ್ನೆಗಳು

ಎಪ್ಪತ್ತರ ದಶಕದಲ್ಲೂ ಎಲ್ಲರೂ ಕಾಸ್‌ವರ್ತ್ ಇಂಜಿನ್ನೇ ಹಾಕ್ತಿದ್ರಲ್ಲ, ವೈವಿಧ್ಯ ಎಲ್ಲಿತ್ತು ಸ್ವಾಮಿ?

ಸರಿಯಾದ ಪ್ರಶ್ನೆ. ಕೀತ್ ಡಕ್‌ವರ್ತ್ ವಿನ್ಯಾಸ ಮಾಡಿದ ಆ ಕಾಸ್‌ವರ್ತ್ ವಿ8, ಹೆಸರು ಡಿಎಫ್‌ವಿ, 1967ರಲ್ಲಿ ನೆದರ್‌ಲ್ಯಾಂಡ್ಸಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ರೇಸಿನಲ್ಲೇ ಗೆದ್ದಿತು, ಜಿಮ್ ಕ್ಲಾರ್ಕ್ ಕೈಯಲ್ಲಿ. ಮುಂದಿನ ವರ್ಷದಿಂದ ಬೇರೆ ತಂಡಗಳೂ ಕೊಳ್ಳಬಹುದಾಯಿತು. 1983ರವರೆಗೆ ಅದೂ ಅದರ ಸುಧಾರಿತ ರೂಪ ಡಿಎಫ್‌ವೈಯೂ ಸೇರಿ 155 ರೇಸ್ ಗೆದ್ದವು.

ಆದರೆ ಅದೇ ಇಂಜಿನ್ನಿನಿಂದಾಗಿಯೇ ಸಣ್ಣ ತಂಡಗಳೂ ಕಣಕ್ಕಿಳಿದವು. ಇಂಜಿನ್ ಚಿಂತೆ ತೀರಿದವರು ಉಳಿದೆಲ್ಲದರಲ್ಲಿ ಪ್ರಯೋಗ ಮಾಡಿದರು. ಆರು ಚಕ್ರದ ಟಿರೆಲ್, ಬೆಣೆಯಾಕಾರದ ಲೋಟಸ್ 72, ನೆಲ ಹೀರುವ ಲೋಟಸ್ 79, ಮೂರರಲ್ಲೂ ಇದ್ದದ್ದು ಡಿಎಫ್‌ವಿ. ಮುಖ್ಯವಾಗಿ, ಅದನ್ನು ಹಾಕಲೇಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಫೆರಾರಿ ಹಾಕಲಿಲ್ಲ, ತನ್ನ ಫ್ಲಾಟ್ 12 ಇಟ್ಟುಕೊಂಡೇ 1975, 1977, 1979ರಲ್ಲಿ ಚಾಂಪಿಯನ್ನರನ್ನು ಕೊಟ್ಟಿತು.

ವಿಚಿತ್ರ ಕಾರುಗಳಲ್ಲಿ ಹೆಚ್ಚಿನವು ಡಬ್ಬಾ ಆಗಿದ್ವು, ಒಪ್ಕೋತೀರಾ?

ಒಪ್ಪುತ್ತೇನೆ. 1966ರ ಬಿಆರ್‌ಎಂ ತಂಡದ ಎಚ್16 ಇಂಜಿನ್ ಅಂದರೆ ಎರಡು ಫ್ಲಾಟ್ 8 ಇಂಜಿನ್ ಒಂದರ ಮೇಲೊಂದು ಪೇರಿಸಿದ ಭಾರದ ಮುದ್ದೆ. ಗೆದ್ದದ್ದು ಒಂದೇ ರೇಸ್, ಅದೂ ಲೋಟಸ್ ಕಾರಿನಲ್ಲಿ. ಆ ವರ್ಷ ಚಾಂಪಿಯನ್ ಆದ ಜಾಕ್ ಬ್ರಬಾಮ್ ಬಳಿ ಇದ್ದದ್ದು ಓಲ್ಡ್ಸ್‌ಮೊಬೈಲ್ ಬ್ಲಾಕಿನಿಂದ ಮಾಡಿದ ಸರಳವಾದ ರೆಪ್ಕೊ ವಿ8. 1990ರ ಲೈಫ್ ತಂಡದ ಡಬ್ಲ್ಯು12 (ಮೂರು ಸಾಲಿನಲ್ಲಿ ಹನ್ನೆರಡು ಸಿಲಿಂಡರು) ಒಂದೇ ಒಂದು ರೇಸಿಗೂ ಅರ್ಹತೆ ಪಡೆಯಲಿಲ್ಲ. ಸೋಲುವ ಅವಕಾಶ ಹೀಗೆ ಎದುರಿಗೇ ಇದ್ದದ್ದರಿಂದಲೇ ಬ್ರಬಾಮ್ ಅವರ ಆಯ್ಕೆ ಎಷ್ಟು ಚೆನ್ನಾಗಿತ್ತು ಅಂತ ನಮಗೆ ಇವತ್ತು ತಿಳಿಯುತ್ತದೆ.

ಆಗಿನ ರೇಸ್ ಬೋರ್ ಇತ್ತಂತೆ. ಈಗ ಎಷ್ಟು ಹತ್ತಿರದ ಪೈಪೋಟಿ ನೋಡಿ!

ಹತ್ತಿರದ ಪೈಪೋಟಿ ಬೇಕಾದವರಿಗೆ ಈಗಿನದೇ ಚೆನ್ನ. 1969ರ ಸ್ಪ್ಯಾನಿಷ್ ರೇಸನ್ನು ಜಾಕಿ ಸ್ಟೂವರ್ಟ್ ಗೆದ್ದದ್ದು ಪೂರಾ ಎರಡು ಸುತ್ತಿನ ಅಂತರದಲ್ಲಿ. ಹಾಗಂತ ವೈವಿಧ್ಯ ಇದ್ದರೆ ಪೈಪೋಟಿ ಇರುವುದಿಲ್ಲ ಅನ್ನುವಂತಿಲ್ಲ. 1982ರಲ್ಲಿ ಟರ್ಬೊ, ವಿ8, ಬೇರೆ ಬೇರೆ ಇಂಜಿನ್‌ಗಳು ಒಟ್ಟಿಗೆ ಓಡಿದವು. 16 ರೇಸುಗಳಲ್ಲಿ 11 ಮಂದಿ ಬೇರೆ ಬೇರೆ ವಿಜೇತರು.

ಅಷ್ಟು ಜನ ಸತ್ತ ಕಾಲ ಬೇಕು ಅನ್ನೋದಕ್ಕೆ ಮನಸ್ಸಾದರೂ ಹೇಗೆ ಬರುತ್ತೆ?

ಆ ಸಾವುಗಳು ನನಗೆ ಬೇಡ. ಕೆಲವು ಆವಿಷ್ಕಾರಗಳೇ ಜನರನ್ನು ಕೊಂದವು ಎಂಬುದನ್ನೂ ಮುಚ್ಚಿಡಬಾರದು. 1969ರಲ್ಲಿ ಬಾರ್ಸಿಲೋನಾದಲ್ಲಿ ಎರಡೂ ಲೋಟಸ್‌ಗಳ ಎತ್ತರದ ರೆಕ್ಕೆ ಮುರಿದು ಡ್ರೈವರುಗಳಾದ ಗ್ರಹಾಂ ಹಿಲ್, ಯೋಹೆನ್ ರಿಂಟ್ ಇಬ್ಬರೂ ಅಪಘಾತಕ್ಕೆ ಸಿಕ್ಕಿದರು, ಬದುಕಿಕೊಂಡರು. ಮರುವರ್ಷ ಮೊಂಜಾದಲ್ಲಿ ರಿಂಟ್ ಉಳಿಯಲಿಲ್ಲ. ಲೋಟಸ್ 72ರಲ್ಲಿ ಮುಂದಿನ ಬ್ರೇಕುಗಳನ್ನು ಚಕ್ರದಿಂದ ಕಾರಿನೊಳಕ್ಕೆ ಸರಿಸಿದ್ದರು; ಅವೆರಡನ್ನು ಜೋಡಿಸುವ ಶಾಫ್ಟ್ ಮುರಿದಿತ್ತು. ಸತ್ತ ಮೇಲೆ ಚಾಂಪಿಯನ್ ಆದವರು ಇವತ್ತಿಗೂ ಅವರೊಬ್ಬರೇ.

ಎತ್ತರದ ರೆಕ್ಕೆ, ಕಾರಿನ ಪಕ್ಕೆಯಿಂದ ನೆಲಕ್ಕೆ ತಾಗುವ ಸ್ಕರ್ಟ್ ಎಂಬ ಪಟ್ಟಿ, ಮಿತಿಯಿಲ್ಲದ ಟರ್ಬೊ ಒತ್ತಡ, ಇವನ್ನು ತಡೆದದ್ದು ಸರಿ. ಆದರೆ ಸಿಲಿಂಡರ್ ಹತ್ತಿರಲಿ ಹನ್ನೆರಡಿರಲಿ, ಅದರಿಂದ ಯಾರ ಜೀವವೂ ಹೋಗಿಲ್ಲ. 2000ದಲ್ಲಿ ಎಲ್ಲರಿಗೂ ವಿ10 ಕಡ್ಡಾಯ ಮಾಡಿದ್ದು, 2006ರಲ್ಲಿ 90 ಡಿಗ್ರಿಯ ವಿ8ಕ್ಕೆ ಕಟ್ಟಿಹಾಕಿದ್ದು, ಎರಡರ ಹಿಂದೆಯೂ ಹಣದ ಕಾರಣವಿತ್ತು. ಸುರಕ್ಷತೆಯ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರೆ ನನಗೆ ಸಿಟ್ಟು ಬರುತ್ತದೆ.

## ಇನ್ನಷ್ಟು ಆಳಕ್ಕೆ

1994ರಲ್ಲಿ ನಿಷೇಧ ಆದದ್ದೇನು? ಅದರಲ್ಲಿ ನಿಮಗೆ ಹೆಚ್ಚು ಬೇಜಾರಾಗೋದು ಯಾವುದಕ್ಕೆ?

ಕಾರಿನ ಎತ್ತರವನ್ನು ಕಂಪ್ಯೂಟರೇ ಹೊಂದಿಸುವ ಆಕ್ಟಿವ್ ಸಸ್ಪೆನ್ಶನ್, ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್, ನಾಲ್ಕೂ ಚಕ್ರದ ಸ್ಟಿಯರಿಂಗ್ ಎಲ್ಲವೂ ಹೋದವು. ಡ್ರೈವರ್ ಕೆಲಸವನ್ನು ಕಂಪ್ಯೂಟರ್ ಮಾಡಬಾರದೆಂಬ ವಾದದಲ್ಲಿ ಹುರುಳಿದೆ.

ನನ್ನನ್ನು ಕಾಡುವುದು ವಿಲಿಯಮ್ಸ್‌ನ ಸಿವಿಟಿ ಎಂಬ ಗೇರ್ ವ್ಯವಸ್ಥೆ. ಹಂತಹಂತದ ಗೇರುಗಳ ಬದಲು ಬೆಲ್ಟು, ಹಿಗ್ಗಿ ಕುಗ್ಗುವ ಪುಲ್ಲಿಗಳು. ಇಂಜಿನ್ ಯಾವಾಗಲೂ ಅತಿ ಹೆಚ್ಚು ಶಕ್ತಿ ಕೊಡುವ ವೇಗದಲ್ಲೇ ತಿರುಗುತ್ತಿರುತ್ತದೆ. ಇವತ್ತು ನಮ್ಮ ಸ್ಕೂಟರುಗಳಲ್ಲಿ ಇರುವುದೂ ಇದೇ ತತ್ವ. 1993ರಲ್ಲಿ ಡೇವಿಡ್ ಕೂಲ್ಟಾರ್ಡ್ ಇದನ್ನು ಪರೀಕ್ಷೆಗೆ ಓಡಿಸಿದರು. ಕಾರಿನ ವೇಗ ಏರಿದರೂ ಇಳಿದರೂ ಇಂಜಿನ್ ಒಂದೇ ಶ್ರುತಿಯಲ್ಲಿ ಕೂಗುತ್ತಿತ್ತು. ಒಂದು ರೇಸನ್ನೂ ಓಡುವ ಮೊದಲೇ ನಿಯಮ ಅದನ್ನು ಮುಗಿಸಿತು. ಪಿ34ಕ್ಕೆ, ಟರ್ಬೈನಿಗೆ ಸೋಲುವ ಅವಕಾಶವಾದರೂ ಇತ್ತು.

ಈಗ ಕಂಪ್ಯೂಟರ್ ಇದೆ. ನಿಯಮ ಸಡಿಲಿಸಿದರೂ ಎಲ್ಲರೂ ಒಂದೇ ಉತ್ತರಕ್ಕೆ ಬಂದು ನಿಲ್ಲಲ್ವಾ?

ಬಹಳಷ್ಟು ಮಂದಿ ಹಾಗೇ ನಂಬಿದ್ದಾರೆ. ಲೆ ಮಾನ್ 24 ಗಂಟೆಯ ರೇಸ್ ಸರಣಿ ಬೇರೆಯದನ್ನೇ ತೋರಿಸಿದೆ. 2014ರಲ್ಲಿ ಅಲ್ಲಿ ಒಂದು ಸುತ್ತಿಗೆ ಎಷ್ಟು ಶಕ್ತಿ ಬಳಸಬಹುದೆಂದು ಮಿತಿ ಹಾಕಿ, ಇಂಜಿನ್ ಆಯ್ಕೆ ತಂಡಗಳಿಗೆ ಬಿಟ್ಟರು. ಆಡಿ ತಂದದ್ದು ವಿ6 ಡೀಸೆಲ್, ಶಕ್ತಿ ಕೂಡಿಡಲು ತಿರುಗುವ ಫ್ಲೈವೀಲ್. ಪೋರ್ಷೆ ತಂದದ್ದು 2 ಲೀಟರಿನ ವಿ4 ಟರ್ಬೊ, ಜೊತೆಗೆ ಬ್ಯಾಟರಿ. ಟೊಯೊಟಾ ತಂದದ್ದು ಟರ್ಬೊ ಇಲ್ಲದ ವಿ8, ಜೊತೆಗೆ ಸೂಪರ್ ಕೆಪಾಸಿಟರ್. ಎಲ್ಲರ ಬಳಿಯೂ ಬೇಕಾದಷ್ಟು ಕಂಪ್ಯೂಟರ್ ಇತ್ತು. ಆ ಋತುವಿನಲ್ಲಿ ಲೆ ಮಾನ್ ಗೆದ್ದದ್ದು ಆಡಿ, ವಿಶ್ವ ಚಾಂಪಿಯನ್ ಆದದ್ದು ಟೊಯೊಟಾ, ಕೊನೆಯ ರೇಸ್ ಗೆದ್ದದ್ದು ಪೋರ್ಷೆ.

ಇದು ಅಲ್ಲಿಯ ಹಳೇ ಪಾಠವೂ ಹೌದು. 1982ರಲ್ಲಿ ಅಲ್ಲಿಗೆ ಬಂದ ಗ್ರೂಪ್ ಸಿ ಎಂಬ ಕಾರು ವರ್ಗದ ನಿಯಮವೂ ಮುಖ್ಯವಾಗಿ ಪೆಟ್ರೋಲಿಗೆ ಮಿತಿ ಹಾಕಿತ್ತು. ಆ ವರ್ಗದಲ್ಲಿ ಪೋರ್ಷೆಯ ಫ್ಲಾಟ್ 6 ಟರ್ಬೊ, ಜಾಗ್ವಾರ್‌ನ 7 ಲೀಟರ್ ವಿ12, ಮರ್ಸಿಡಿಸ್‌ನ ವಿ8 ಟರ್ಬೊ ಎಲ್ಲವೂ ಲೆ ಮಾನ್ ಗೆದ್ದವು. 1991ರಲ್ಲಿ ಪಿಸ್ಟನ್ನೇ ಇಲ್ಲದ, ನಾಲ್ಕು ರೋಟರಿನ ಮಜ್ದಾ 787ಬಿ ಕೂಡ ಗೆದ್ದಿತು.

ಹಾಗಾದ್ರೆ ಆ ಲೆ ಮಾನ್ ಮಾದರಿ ಯಾಕೆ ಉಳಿಯಲಿಲ್ಲ?

ಹಣ. ವೆಚ್ಚ ಫಾರ್ಮುಲಾ ಒನ್ ಮಟ್ಟಕ್ಕೆ ಏರಿತು, ನೋಡುವವರ ಸಂಖ್ಯೆ ಏರಲಿಲ್ಲ. ಆಡಿಯ ಒಡೆತನದ ಫೋಕ್ಸ್‌ವ್ಯಾಗನ್ ಸಮೂಹದ ಡೀಸೆಲ್ ಹೊಗೆ ಹಗರಣ ಬಯಲಾದ ಮೇಲೆ ಆಡಿ 2016ಕ್ಕೆ ಬಿಟ್ಟಿತು, ಪೋರ್ಷೆ 2017ಕ್ಕೆ. ಈಗಿನ ಹೈಪರ್‌ಕಾರ್ ವರ್ಗದಲ್ಲಿ ಇಂಜಿನ್ ಬಗೆಬಗೆಯದಿದೆ, ಆದರೆ ಯಾರೂ ತೀರಾ ಮುಂದೆ ಹೋಗದಂತೆ ತೂಕ, ಶಕ್ತಿಗಳನ್ನು ಸಂಘಟಕರೇ ಸರಿದೂಗಿಸುತ್ತಾರೆ. ಕಣ್ಣಿಗೆ ಹಬ್ಬ ನಿಜ. ಆದರೆ ಉತ್ತಮ ಉತ್ತರ ಕಂಡುಹಿಡಿದವರಿಗೆ ಅದರ ಪೂರ್ತಿ ಫಲ ಸಿಗುವುದಿಲ್ಲ, ಆದ್ದರಿಂದ ನನ್ನ ಹಂಬಲ ಅದರಿಂದ ತೀರುವುದಿಲ್ಲ.

ಒಂದೇ ಒಂದು ನಿಯಮ ಬದಲಿಸೋ ಅಧಿಕಾರ ಕೊಟ್ರೆ ಏನು ಮಾಡ್ತೀರಿ?

ಸಿಲಿಂಡರ್ ಸಂಖ್ಯೆ, ಅವುಗಳ ನಡುವಿನ ಕೋನ, ಎಷ್ಟು ಲೀಟರ್ ಎಂಬ ಸಾಲುಗಳನ್ನು ಹೊಡೆದುಹಾಕುತ್ತೇನೆ. ಮಿಕ್ಕದ್ದು ಹೇಗಿದೆಯೋ ಹಾಗೇ ಇರಲಿ. ಇಂಜಿನ್ನಿಗೆ ಗಂಟೆಗೆ 100 ಕೆಜಿಗಿಂತ ಹೆಚ್ಚು ಪೆಟ್ರೋಲ್ ಹರಿಯಬಾರದೆಂಬ ಮಿತಿಯನ್ನು ಫಾರ್ಮುಲಾ ಒನ್ 2014ರಲ್ಲೇ ತಂದಿತು. 2026ರ ಹೊಸ ನಿಯಮದಲ್ಲಿ ಕೆಜಿಯ ಬದಲು ಇಂಧನದ ಶಕ್ತಿಗೇ ಮಿತಿ ಹಾಕಿದ್ದಾರೆ. ಶಕ್ತಿಯ ಮೂಲಕ್ಕೇ ಬೀಗ ಬಿದ್ದ ಮೇಲೆ ವೇಗ ಕೈಮೀರುತ್ತದೆಂಬ ಭಯ ಬೇಕಿಲ್ಲ. ತಂಡಗಳ ಖರ್ಚಿಗೆ 2021ರಿಂದ ಮಿತಿಯಿದೆ, ಇಂಜಿನ್ ತಯಾರಕರ ಖರ್ಚಿಗೂ ಬಂದಿದೆ, ಹಾಗಾಗಿ ದುಡ್ಡಿನ ನೆಪವೂ ಮೊದಲಿನಷ್ಟು ಗಟ್ಟಿಯಾಗಿಲ್ಲ. ನಾಲ್ಕು ಸಿಲಿಂಡರಿನ ಹಗುರ ಇಂಜಿನ್ನೋ, ವಿ6ಓ, ರೋಟರಿಯೋ, ಕೊಟ್ಟಷ್ಟು ಇಂಧನದಲ್ಲಿ ಹೆಚ್ಚು ದೂಡುವುದು ಯಾವುದು ಎಂಬುದನ್ನು ಆಡಿ, ಹೋಂಡಾ, ಫೆರಾರಿ, ಮರ್ಸಿಡಿಸ್ ತಮ್ಮ ತಮ್ಮ ಬುದ್ಧಿಯಿಂದ ತೀರ್ಮಾನಿಸಲಿ.